ಐದು ಡಾಲರಿನ ದಿನಗೂಲಿ: ಫೋರ್ಡನ ಗ್ರಂಥದ ಒಂದು ವಿಮರ್ಶೆ

ಅತೃಪ್ತನಾದ ಕೆಲಸಗಾರನನ್ನು ಕಾರಖಾನೆಯಲ್ಲಿ ಉಳಿಸಿಕೊಳ್ಳುವ ಬಗೆ ಯಾವುದು ಎಂಬ ಚರ್ಚೆ ಬಂದಲ್ಲೆಲ್ಲ ಹೆನ್ರಿ ಫೋರ್ಡನ ಹೆಸರು ಬಂದೇ ಬರುತ್ತದೆ. ಸ್ಯಾಮುಯಲ್ ಕ್ರೌದರನ ನೆರವಿನಿಂದ ಅವನು 1922ರಲ್ಲಿ ಪ್ರಕಟಿಸಿದ ‘ಮೈ ಲೈಫ್ ಅಂಡ್ ವರ್ಕ್’ ಗ್ರಂಥದಲ್ಲಿ ಈ ವಿಷಯದ ನಿರೂಪಣೆಯಿದೆ. ಅಲ್ಲಿ ಅಂಕಿಗಳು ಹೇಳುವುದೊಂದು, ಗ್ರಂಥಕರ್ತನು ಅವುಗಳಿಂದ ಹೇಳಿಸುವುದು ಮತ್ತೊಂದು ಎಂಬುದು ನನ್ನ ಅಭಿಪ್ರಾಯ.

ಹೈಲೆಂಡ್ ಪಾರ್ಕಿನ ಕಾರಖಾನೆಗೆ 1913ರಲ್ಲಿ ಚಲಿಸುವ ಜೋಡಣೆಯ ಸಾಲು ಬಂದಿತು. ಕೆಲಸವು ತಾನಾಗಿ ಮುಂದೆ ಸಾಗಿ ಬರುವುದು. ಆಳು ನಿಂತಲ್ಲಿಯೇ ನಿಂತು ದಿನವಿಡೀ ಒಂದೇ ಕ್ರಿಯೆಯನ್ನು ಮಾಡುವುದು. ಜನ ನಿಲ್ಲಲಿಲ್ಲ. 14,000 ಮಂದಿಯನ್ನು ಇಟ್ಟುಕೊಳ್ಳಲು ವರ್ಷಕ್ಕೆ ಸುಮಾರು 53,000 ಮಂದಿಯನ್ನು ಸೇರಿಸಿಕೊಳ್ಳಬೇಕಾಗಿದ್ದಿತೆಂದು ಫೋರ್ಡನೇ ಬರೆಯುತ್ತಾನೆ. 1914ರ ಜನವರಿಯಲ್ಲಿ ದುಡಿಮೆ 9 ಗಂಟೆಯಿಂದ 8 ಗಂಟೆಗೆ ಇಳಿಯಿತು; ಸಂಪಾದನೆ ಲಾಭದ ಪಾಲೂ ಸೇರಿ ಹೆಚ್ಚುಕಡಿಮೆ ಇಮ್ಮಡಿಯಾಗಿ, ದಿನಕ್ಕೆ 5 ಡಾಲರಿಗೆ ಏರಿತು. 1915ರಲ್ಲಿ ಹೊಸದಾಗಿ ಬೇಕಾದವರು 6,508 ಮಂದಿ ಮಾತ್ರ.

ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಇದರಿಂದ ಸಿದ್ಧವಾಗುವುದು ಕೆಲಸಗಾರನು ಉಳಿದನೆಂಬುದೇ ಹೊರತು ತೃಪ್ತನಾದನೆಂಬುದಲ್ಲ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು ತನಗೆ ಭಯಂಕರವೆಂದು ಒಪ್ಪುವ ಫೋರ್ಡನು, ಬಹುಮಂದಿಗೆ ಅದರಿಂದ ಯಾವ ಭಯವೂ ಇಲ್ಲವೆನ್ನುತ್ತಾನೆ. ಹಾಗಿದ್ದರೆ ಅಷ್ಟು ಮಂದಿ ಓಡಿಹೋದದ್ದೇಕೆ? ಕೂಲಿ ಸಾಲದಾಗಿತ್ತೆಂದರೂ, ಇಮ್ಮಡಿ ದೊರೆತ ಮೇಲೆಯೇ ಅವರು ನಿಂತರೆಂಬುದರಿಂದ ಆ ಅರುಚಿಯ ಬೆಲೆಯೆಷ್ಟೆಂಬುದು ತಿಳಿಯುತ್ತದಲ್ಲದೆ ಅರುಚಿಯಿರಲಿಲ್ಲವೆಂದಾಗುವುದಿಲ್ಲ.

ತನ್ನ ಮಾತಿಗೆ ಅವನು ಕೊಡುವ ನಿದರ್ಶನ ಸ್ವಾರಸ್ಯವಾಗಿದೆ. ಪೆಡಲನ್ನು ತುಳಿಯುವುದಷ್ಟೇ ಕೆಲಸವಾಗಿದ್ದ ಒಬ್ಬನು, ಅದರಿಂದ ತನ್ನ ದೇಹ ಒಂದು ಮಗ್ಗುಲಿಗೆ ವಾಲುತ್ತಿದೆಯೆಂದು ದೂರಿದನು. ವೈದ್ಯ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಆದರೂ ಬೇರೆ ಕೆಲಸ ಕೊಟ್ಟರು. ಕೆಲವೇ ವಾರಗಳಲ್ಲಿ ಅವನು ಹಳೆಯದನ್ನೇ ಬೇಡಿದನು. ಫೋರ್ಡನಿಗೆ ಇದು ಸಂತೋಷದ ಸಾಕ್ಷ್ಯ. ಹೊಸ ಕೆಲಸವೂ ಅಂಥದೇ ಆಗಿದ್ದಿರಬಹುದೆಂಬ ಶಂಕೆ ಅವನಿಗೆ ಬಂದಂತಿಲ್ಲ. ಆ ಮನುಷ್ಯನನ್ನು ಕಾರಣ ಕೇಳಿದ್ದರೆ ಗ್ರಂಥಕ್ಕೆ ಒಂದು ಒಳ್ಳೆಯ ಪುಟ ಸೇರುತ್ತಿದ್ದಿತು.

ಐದು ಡಾಲರು ನಿರ್ಬಂಧವಿಲ್ಲದೆ ಬಂದುದೂ ಅಲ್ಲ. ಕುಡಿತ, ಉಳಿತಾಯ, ಮನೆಯ ಶುಚಿತ್ವ ಇವನ್ನು ಕಂಪನಿಯವರು ಮನೆಮನೆಗೆ ಹೋಗಿ ವಿಚಾರಿಸುತ್ತಿದ್ದರು. ಇಂಥ ಪೋಷಕತ್ವಕ್ಕೆ ಉದ್ಯಮದಲ್ಲಿ ಸ್ಥಾನವಿಲ್ಲವೆಂದು ಫೋರ್ಡನು ಮುಂದೆ ತಾನೇ ಬರೆದುದು ಮೆಚ್ಚತಕ್ಕದ್ದು. ಆದರೆ ಮನೆಯ ವಿಚಾರಣೆಯನ್ನು ಬಿಟ್ಟವನು ಕಾರಖಾನೆಯೊಳಗೆ ಕೆಲಸಗಾರನ ಮಾತಿಗೆ ಎಡೆಗೊಡಲಿಲ್ಲ. ಬಿಟ್ಟುಹೋಗಲಾರದವರ ಅತೃಪ್ತಿ ಸಂಘದ ರೂಪವನ್ನು ತಾಳಿತು. 1937ರ ಮೇ 26ರಂದು ರೂಜ್ ಕಾರಖಾನೆಯ ಮೇಲ್ಸೇತುವೆಯಲ್ಲಿ ಸಂಘದ ಮುಖಂಡರನ್ನು ಕಂಪನಿಯ ಆಳುಗಳು ಹೊಡೆದರು. 1941ರ ಏಪ್ರಿಲಿನಲ್ಲಿ ಅಲ್ಲಿ ಮುಷ್ಕರ ನಡೆದು, ಜೂನಿನಲ್ಲಿ ಕಂಪನಿಯು ಮೋಟಾರು ಕಾರ್ಮಿಕರ ಸಂಘದೊಡನೆ ಒಪ್ಪಂದಕ್ಕೆ ರುಜು ಹಾಕಿತು.