ಬೈಗುಳ ಯಾರ ಕಡೆ ತಿರುಗಿದೆ?

ಹೋದ ತಿಂಗಳು ಟೀಮಿನವರೆಲ್ಲ ಸಕಲೇಶಪುರಕ್ಕೆ ಹೊರಟಿದ್ವಿ. ಬಸ್ಸಿನಲ್ಲಿ ಹೊಸ ಸಿನಿಮಾ ಹಾಡೊಂದು ಬಂತು. ಕೈಕೊಟ್ಟ ಹುಡುಗಿಗೆ ಹೀರೋ ಕುಡಿದು ಬೈಯೋ ಹಾಡು. ಇಂಥವು ಈಗ ಎಷ್ಟಿವೆ ಅಂದ್ರೆ ಒಂದರ ಸಾಲನ್ನು ಇನ್ನೊಂದಕ್ಕೆ ಕಾಪಿ-ಪೇಸ್ಟ್ ಮಾಡಿದರೂ ಗೊತ್ತಾಗಲ್ಲ. ಆದರೂ ಬಸ್ಸಿಗೆ ಬಸ್ಸೇ ಎದ್ದು ಕುಣೀತು. ನಾನೂ ಕುಣಿದೆ.

ಕುಡುಕ ಹಾಡೋದು ಕನ್ನಡಕ್ಕೆ ಹೊಸದಲ್ಲ. 1930ರ ದಶಕದಲ್ಲೇ ಜಿ.ಪಿ. ರಾಜರತ್ನಂ ಯೆಂಡ್ಕುಡ್ಕ ರತ್ನನನ್ನು ಹಾಡಲು ಬಿಟ್ಟಿದ್ದರು. ಬರೆದವರು ಹೆಂಡ ಮುಟ್ಟದ ಮೇಷ್ಟ್ರು. ಭಾಷೆ ಮಾತ್ರ ಹೆಂಡದಂಗಡಿಯದ್ದು. ಶಿಷ್ಟ ಕನ್ನಡದ ಪಡಸಾಲೆಗೆ ಆ ನಾಲಿಗೆ ನುಗ್ಗಿದ್ದೇ ದೊಡ್ಡ ಶಾಕ್. ಮೈಸೂರು ಅನಂತಸ್ವಾಮಿಯವರ ದನಿಯಲ್ಲಿ ಕೇಳಿ ನೋಡಿ. ದೇವರೇ ಬಂದು ಹೆಂಡ ಬಿಡು ಅಂದ್ರೆ ರತ್ನ ಬಿಟ್ಟಾನು, ಕನ್ನಡ ಪದ ಹಾಡೋದು ಬಿಡು ಅಂದ್ರೆ ದೇವರನ್ನೂ ಲೆಕ್ಕಕ್ಕಿಡಲ್ಲ. ಹೆಂಡತಿ ಹೋದರೆ ಕಾಟ ತಪ್ಪಿತು ಅನ್ನೋ ತಮಾಷೆ ಅವನ ಬಾಯಲ್ಲೂ ಇದೆ, ಸುಳ್ಳೇಕೆ. ಆದರೆ ಪುಟ್ನಂಜಿ ನೆನಪಾದರೆ ಕರಗೋನೂ ಅವನೇ. ಏನೂ ಇಲ್ಲದವನು ಮೇಲಿನವನಿಗೆ ಸವಾಲು ಹಾಕ್ತಾನೆ. ನಮ್ಮ ಎದೆ ಝಲ್ ಅನ್ನೋದು ಅಲ್ಲಿ.

1987ರಲ್ಲಿ 'ಪ್ರೇಮಲೋಕ' ಬಂದಾಗ ಹಂಸಲೇಖ ಕಾಲೇಜು ಹುಡುಗರ ಮಾತನ್ನೇ ಹಾಡು ಮಾಡಿದ್ರು. "ಇದು ಹಾಡೇನಲೇ? ಮಾತು!" ಅಂತ ನಮ್ಮೂರ ಮಾಸ್ತರು ಸಿಡಿಮಿಡಿ ಮಾಡಿದ್ದರು. ಅಲ್ಲಿ ಹುಡುಗಿಗೂ ತಿರುಗಿ ಉತ್ತರ ಕೊಡೋಕೆ ಸಾಲುಗಳಿದ್ದವು ಅನ್ನೋದು ನನಗೆ ಹೊಳೆದದ್ದು ಈಗ.

ಹಾಗಂತ ಹಳೇದೆಲ್ಲ ಬಂಗಾರ ಅಂತ ಹೇಳೋಕೆ ಹೊರಟಿಲ್ಲ. ಧಾರವಾಡದ ಕಡೆಯ ನಮ್ಮ ಹಳ್ಳಿಯಲ್ಲಿ ಹೋಳಿ ಹುಣ್ಣಿಮೆ ಬಂತು ಅಂದ್ರೆ ಕುಳ್ಳು-ಕಟಿಗಿ ಕದ್ದು, ಹಲಗೆ ಬಡೀತಾ, ಕಾಮಣ್ಣನ ಮುಂದೆ ಹಾಡ್ತಿದ್ದ ಪದಗಳನ್ನು ಇವತ್ತಿಗೂ ಯಾವ ಎಫ್ಎಂನವರೂ ಹಾಕಲಾರರು. ಅವೂ ಹೆಂಗಸರ ಮೇಲಿನವೇ. ಬಾಯಿ ಬಡ್ಕೊಳ್ಳೋರಲ್ಲಿ ನಾನೂ ಇದ್ದೆ. ಅವ್ವ ಸಂಜೆಗೇ ಕದ ಹಾಕ್ತಿದ್ದಳು. "ಇವತ್ತೊಂದ್ ರಾತ್ರಿ ಬಿಡವಾ, ನಾಳಿಗೆ ಮತ್ತ ಯಕ್ಕಾ ಅಂತ ಇವೇ ಬರ್ತಾವ," ಅಂತ ಪಕ್ಕದ ಮನೆಯವಳಿಗೆ ಹೇಳ್ತಿದ್ದಳು. ಅವಳಿಗೆ ಅದು ಹಿತವಾಗಿತ್ತು ಅಂತಲ್ಲ. ಹಾಕಿಕೊಳ್ಳೋಕೆ ಒಂದು ಕದ ಇತ್ತು, ಬೆಳಗಾದರೆ ಕಾಮ ಸುಟ್ಟು ಬೂದಿಯಾಗಿರ್ತಿದ್ದ. ಈಗಿನ ಹಾಡು ಆಟೋದಲ್ಲಿ, ಮಾಲ್‌ನಲ್ಲಿ, ಮದುವೆ ಮನೆಯಲ್ಲಿ, ಮಕ್ಕಳ ಸ್ಕೂಲ್ ಡೇಯಲ್ಲಿ, ಎಲ್ಲ ಕಡೆ. ಬೈಗುಳ ಸವೆದು ರಿಂಗ್‌ಟೋನ್ ಆಗಿದೆ. ಯಾರೂ ಬೆಚ್ಚಲ್ಲ. ಬೈಸಿಕೊಳ್ಳೋಳು ಮಾತ್ರ ಅದೇ ಹುಡುಗಿ, ಅವಳಿಗೆ ಹಾಡಿನಲ್ಲಿ ಒಂದು ಸಾಲೂ ಇಲ್ಲ.

ಅವತ್ತು ಬಸ್ಸಿನಲ್ಲಿ ನಮ್ಮ ಟೀಮಿನ ಹುಡುಗಿಯೊಬ್ಬಳು "ಹಾಡು ಬದಲಾಯಿಸ್ರಪ್ಪಾ" ಅಂತ ಎರಡು ಸಲ ಹೇಳಿದ್ದಳಂತೆ. ನನಗೆ ಕೇಳಿಸಲಿಲ್ಲ. ಸೌಂಡ್ ಜಾಸ್ತಿ ಮಾಡಿಸಿದವನೇ ನಾನು.