ಕೋತ್‌ನ ಪಿಸ್ತೂಲು, ಕುಶಲಿಗನ ಪಿಸ್ತೂಲು

ಸೈನಿಕನಿಗೆ ಪಿಸ್ತೂಲು ಎರಡನೆಯ ಆಯುಧ. ರೈಫಲ್ಲು ಕೈಕೊಟ್ಟಾಗ, ಅದನ್ನು ತಿರುಗಿಸಲೂ ಜಾಗವಿಲ್ಲದ ಕೋಣೆಯಲ್ಲಿ ಶತ್ರು ಎದುರಾದಾಗ, ಗಾಯಗೊಂಡು ಒಂದೇ ಕೈ ಉಳಿದಾಗ ಸೊಂಟಕ್ಕೆ ಕೈ ಹೋಗುತ್ತದೆ. ಆ ಹೊತ್ತಿಗೆ ಮೂರನೆಯ ಆಯುಧವೆಂಬುದು ಇರುವುದಿಲ್ಲ. ಹಾಗಾಗಿ ಯುದ್ಧಭೂಮಿಗೆ ಹೋಗುವ ಪಿಸ್ತೂಲನ್ನು ಅಳೆಯುವಾಗ ಅಂದ, ಗುರಿಯ ಸೂಕ್ಷ್ಮತೆ, ಬೆಲೆ ಇವೆಲ್ಲ ಹಿಂದಿನ ಸಾಲಿನಲ್ಲಿ ನಿಲ್ಲಬೇಕು. ನಮ್ಮ ಬೀದರ ಜಿಲ್ಲೆಯ ಸಾಯಗಾಂವದಿಂದ ಭಾಲ್ಕಿ, ಔರಾದವರೆಗೆ ಸೇನಾ ಭರ್ತಿಯ ಕನಸಿನಲ್ಲಿ ನಸುಕಿಗೆ ಎದ್ದು ಡಾಂಬರು ರಸ್ತೆಯಲ್ಲಿ ಓಡುವ ಹುಡುಗರು ಮೊಬೈಲಿನಲ್ಲಿ ನೋಡಿ ಮೆಚ್ಚುವ ಪಿಸ್ತೂಲುಗಳು ಬಹುತೇಕ ಬೇರೆ ಜಾತಿಯವು: ಕಾರ್ಖಾನೆಯ ಒಡಲಿಗೆ ಒಬ್ಬ ಕುಶಲಿಗ ತನ್ನ ಕೈಯಾರೆ ನಳಿಗೆ, ಟ್ರಿಗರ್, ಗುರಿಕಣ್ಣು ಕೂಡಿಸಿಕೊಟ್ಟ ಅರೆ-ಕಸ್ಟಮ್ ಪಿಸ್ತೂಲುಗಳು. ಅವು ಯುದ್ಧಕ್ಕೆ ಲಾಯಕ್ಕೇ ಎಂಬ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಕುಶಲಿಗ ಮಾಡುವುದೇನು ಎಂಬುದನ್ನು ಮೊದಲು ನೋಡೋಣ. ಸ್ಲೈಡು ಮತ್ತು ಒಡಲಿನ ನಡುವಿನ ಸಡಿಲವನ್ನು ಅರದಿಂದ ಉಜ್ಜಿ ಉಜ್ಜಿ ಕಳೆಯುತ್ತಾನೆ. ನಳಿಗೆ ಪ್ರತಿ ಸಲವೂ ಒಂದೇ ಜಾಗದಲ್ಲಿ ಕೂರುವಂತೆ ಬಿಗಿಮಾಡುತ್ತಾನೆ. ಟ್ರಿಗರಿನ ಭಾರ ಇಳಿಸುತ್ತಾನೆ, ಸೇಫ್ಟಿಯ ಗುಂಡಿಯನ್ನು ಹೆಬ್ಬೆರಳಿಗೆ ಸಿಗುವಷ್ಟು ಅಗಲಮಾಡುತ್ತಾನೆ. ಕೊನೆಯ ಎರಡು ಕೆಲಸಗಳಿಗೆ ನನ್ನ ತಕರಾರಿಲ್ಲ, ಟ್ರಿಗರನ್ನು ಅತಿಯಾಗಿ ಹಗುರ ಮಾಡದಿದ್ದರೆ ಸಾಕು. ಮೊದಲ ಎರಡರಿಂದ ಗುರಿ ನಿಜಕ್ಕೂ ಸುಧಾರಿಸುತ್ತದೆ; ಸ್ಪರ್ಧೆಯ ಅಂಕಣದಲ್ಲಿ ಅದಕ್ಕೆ ಬೆಲೆಯಿದೆ. ಆದರೆ ಕಳೆದುಹಾಕಿದ ಆ ಸಡಿಲವೇ ಧೂಳಿಗೆ, ಸುಟ್ಟ ಮದ್ದಿನ ಕರಿಗೆ, ಒಣಗಿದ ಎಣ್ಣೆಗೆ ಬಿಟ್ಟಿದ್ದ ಜಾಗ. ವೈಶಾಖದಲ್ಲಿ ನಮ್ಮ ಎರೆಹೊಲಗಳ ಮೇಲೆ ಏಳುವ ಧೂಳು ಮುಚ್ಚಿದ ಪೆಟ್ಟಿಗೆಯೊಳಕ್ಕೂ ನುಗ್ಗುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಕೈಕೆಲಸದ ಆಯುಧ ನಮ್ಮ ನೆಲಕ್ಕೆ ಹೊಸದಲ್ಲ. ಬೀದರ ಕೋಟೆಯ ಬುರುಜುಗಳ ಮೇಲೆ ಇಂದಿಗೂ ಕೂತಿರುವ ದೊಡ್ಡ ತೋಪುಗಳನ್ನು ಹತ್ತಿರದಿಂದ ನೋಡಿದರೆ ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಬಳೆಗಳನ್ನು ಬಿಗಿದು ಕಟ್ಟಿದ್ದು ಕಾಣುತ್ತದೆ. ಪಿಸ್ತೂಲಿನ ಮಾತಿಗೆ ಬಂದರೆ ಶ್ರೀರಂಗಪಟ್ಟಣಕ್ಕೆ ಹೋಗಬೇಕು. ಟಿಪ್ಪು ಸುಲ್ತಾನನ ಕಾರ್ಖಾನೆಗಳ ಕಮ್ಮಾರರು ಮಾಡಿದ ಚಕಮಕಿ ಪಿಸ್ತೂಲುಗಳು ಹುಲಿಮೊಗ, ಹುಲಿಪಟ್ಟೆಗಳಿಂದ ಅಲಂಕೃತವಾದವು. ಕೆಲವು ಜೋಡಿಗಳಲ್ಲಿ ಒಂದರ ಚಕಮಕಿ ಯಂತ್ರ ಬಲಕ್ಕಿದ್ದರೆ ಇನ್ನೊಂದರದು ಎಡಕ್ಕೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಲೂಟಿಯಾಗಿ ಹೋದ ಇಂಥ ಆಯುಧಗಳು ಇಂದು ಇಂಗ್ಲೆಂಡಿನ ಸಂಗ್ರಹಗಳಲ್ಲಿವೆ. ಕೈಚಳಕದಲ್ಲಿ ಅವು ಯುರೋಪಿನ ಒಳ್ಳೆಯ ಕೆಲಸಕ್ಕೆ ಕಡಿಮೆಯಲ್ಲ. ಆದರೆ ಒಂದರ ಯಂತ್ರದ ಸ್ಪ್ರಿಂಗು ಮುರಿದರೆ ಇನ್ನೊಂದರದನ್ನು ಕಿತ್ತು ಕೂಡಿಸುವಂತಿರಲಿಲ್ಲ, ಕಮ್ಮಾರನೇ ಹೊಸದಾಗಿ ಬಡಿಯಬೇಕು. ಕಮ್ಮಾರ ಅದೇ ಕೋಟೆಯೊಳಗೆ ಇದ್ದಷ್ಟು ದಿನ ಅದು ದೊಡ್ಡ ಕೊರತೆಯಲ್ಲ. ಅದೇ ಕಾಲಕ್ಕೆ, 1785ರಲ್ಲಿ, ಪ್ಯಾರಿಸ್ಸಿನಲ್ಲಿ ಆನರೆ ಬ್ಲಾಂಕ್ ಎಂಬ ಬಂದೂಕು ತಯಾರಕ ಹಲವು ಬಂದೂಕುಗಳ ಯಂತ್ರಗಳನ್ನು ಬಿಚ್ಚಿ, ಬಿಡಿಭಾಗಗಳನ್ನು ಕೈಗೆ ಸಿಕ್ಕಂತೆ ಎತ್ತಿ ಜೋಡಿಸಬಹುದೆಂದು ತೋರಿಸಿದ. ಅಮೆರಿಕದ ರಾಯಭಾರಿ ಜೆಫರ್ಸನ್ ತಾನೇ ಕೆಲವನ್ನು ಜೋಡಿಸಿ ನೋಡಿ ಬೆರಗಾಗಿ ಊರಿಗೆ ಪತ್ರ ಬರೆದ. ಸೈನ್ಯದ ಆಯುಧಕ್ಕೆ ಬೇಕಾದ ಗುಣ ಯಾವುದೆಂದು ಅಂದೇ ಇತ್ಯರ್ಥವಾಯಿತು ಎಂದು ನನ್ನ ನಂಬಿಕೆ.

ಆದರೂ ಸ್ವಂತ ಪಿಸ್ತೂಲಿನ ಆಸೆ ಅಧಿಕಾರಿಗಳನ್ನು ಬಿಡಲಿಲ್ಲ. ಬ್ರಿಟಿಷರ ಕಾಲದಲ್ಲಿ ಅಧಿಕಾರಿ ತನ್ನ ರಿವಾಲ್ವರನ್ನು ತಾನೇ ಕೊಳ್ಳುತ್ತಿದ್ದ. ಒಂದೇ ಮುಖ್ಯ ಷರತ್ತು: ಅದರಲ್ಲಿ ಸೇನೆಯ .455 ಗುಂಡು ಕೂರಬೇಕು. ಈ ಷರತ್ತು ವಿವೇಕದ್ದು. ಆದರೆ ಅದಷ್ಟೇ ಸಾಲದೆಂಬುದಕ್ಕೆ ವೆಬ್ಲಿ-ಫಾಸ್ಬೆರಿ ಸಾಕ್ಷಿ. ಭಾರತದಲ್ಲೇ ಸೇವೆ ಸಲ್ಲಿಸಿ ವಿಕ್ಟೋರಿಯಾ ಕ್ರಾಸ್ ಪಡೆದಿದ್ದ ಜಾರ್ಜ್ ಫಾಸ್ಬೆರಿ ರೂಪಿಸಿದ ಈ ಸ್ವಯಂಚಾಲಿತ ರಿವಾಲ್ವರು 1901ರಲ್ಲಿ ಮಾರುಕಟ್ಟೆಗೆ ಬಂತು. ಗುಂಡು ಹಾರಿದ ಒದೆತಕ್ಕೆ ಮೇಲ್ಭಾಗ ಹಿಂದೆ ಸರಿದು, ಸಿಲಿಂಡರಿನ ಮೇಲೆ ಕೊರೆದ ಅಂಕುಡೊಂಕು ತೋಡಿನಲ್ಲಿ ಒಂದು ಮೊಳೆ ಓಡಿ, ಮುಂದಿನ ಗುಂಡು ತಾನಾಗಿ ತಿರುಗಿ ಬರುತ್ತಿತ್ತು. ಗುರಿ ಸ್ಪರ್ಧೆಗಳಲ್ಲಿ ಅದಕ್ಕೆ ಒಳ್ಳೆಯ ಹೆಸರು. ಮೊದಲ ಮಹಾಯುದ್ಧದ ಕಂದಕಗಳ ಕೆಸರು ಆ ತೋಡುಗಳಲ್ಲಿ ತುಂಬಿಕೊಂಡಾಗ ಅದರ ಮರ್ಯಾದೆ ಹೋಯಿತು. ಸಾದಾ ವೆಬ್ಲಿ ಕೆಲಸ ಮಾಡುತ್ತಲೇ ಇತ್ತು.

ಇಂದಿನ ಭಾರತದಲ್ಲಿ ಆ ಹಳೆಯ ಷರತ್ತನ್ನು ಪೂರೈಸುವುದೂ ಕಷ್ಟ. ಆಯುಧ ಕಾನೂನಿನಂತೆ 9 ಎಂಎಂ ಖಾಸಗಿಯವರಿಗೆ ನಿಷಿದ್ಧ ಬೋರು. ಪರವಾನಗಿಯ ಮೇಲೆ ಸಾಮಾನ್ಯವಾಗಿ ಸಿಗುವುದು .32. ಸ್ವಂತಕ್ಕೆ ಕೊಂಡ ಪಿಸ್ತೂಲಿಗೆ ಪಲ್ಟನ್ನಿನ ಗುಂಡೇ ಹೊಂದುವುದಿಲ್ಲ ಎಂದ ಮೇಲೆ ಅದನ್ನು ಗಡಿಗೆ ಒಯ್ದು ಮಾಡುವುದೇನು? ಪಲ್ಟನ್ನಿನ ಆಯುಧ ಕೊಠಡಿಯಾದ ಕೋತ್‌ನಿಂದ ನಂಬರು ಬರೆಸಿ ಪಡೆದ ಪಿಸ್ತೂಲೇ ನಮ್ಮ ಸೈನಿಕನ ಪಿಸ್ತೂಲು, ಅದು ಸರಿಯಾದ ಪದ್ಧತಿ.

ಆ ಪಿಸ್ತೂಲು ಬಹುಕಾಲದಿಂದ ಇಶಾಪುರದ ರೈಫಲ್ ಫ್ಯಾಕ್ಟರಿಯ 9 ಎಂಎಂ 1ಎ. ಇದು ಬ್ರೌನಿಂಗ್ ಹೈ-ಪವರ್‌ನ ಮಗ. ಜಾನ್ ಬ್ರೌನಿಂಗ್ ಆರಂಭಿಸಿ 1926ರಲ್ಲಿ ತೀರಿಕೊಂಡ ಮೇಲೆ ಬೆಲ್ಜಿಯಮ್ಮಿನ ದ್ಯೂದೊನೆ ಸೈವ್ ಮುಗಿಸಿದ ವಿನ್ಯಾಸ, 1935ರದು, 13 ಗುಂಡಿನ ಮ್ಯಾಗಜೀನು. ಎರಡನೆಯ ಮಹಾಯುದ್ಧದಲ್ಲಿ ಕೆನಡಾದ ಇಂಗ್ಲಿಸ್ ಕಂಪನಿ ಮಾಡಿದ ಮಾದರಿಯ ವಂಶ ನಮ್ಮದು. ಇದರ ದೋಷಗಳನ್ನು ಮುಚ್ಚಿಡಬಾರದು. ಟ್ರಿಗರು ಭಾರ; ಮ್ಯಾಗಜೀನು ತೆಗೆದಾಗ ಗುಂಡು ಹಾರದಂತೆ ಫ್ರೆಂಚ್ ಸೇನೆ ಕೇಳಿ ಹಾಕಿಸಿದ ತಡೆಯೊಂದು ಆ ಭಾರಕ್ಕೆ ಒಂದು ಕಾರಣ. ಹಳೆಯ ಮಾದರಿಯ ಸೇಫ್ಟಿ ಗುಂಡಿ ಕೈಗವಸಿನ ಬೆರಳಿಗೆ ಸಿಗುವಷ್ಟು ದೊಡ್ಡದಲ್ಲ. ಅಂಗೈ ದಪ್ಪಗಿದ್ದವರ ಹೆಬ್ಬೆರಳಿನ ಬುಡವನ್ನು ಹ್ಯಾಮರು ಕಚ್ಚುತ್ತದೆ. ಹೊರದೇಶಗಳ ಕುಶಲಿಗರು ದಶಕಗಳಿಂದ ಹೈ-ಪವರಿಗೆ ಮಾಡುತ್ತ ಬಂದದ್ದು ಇವುಗಳ ಚಿಕಿತ್ಸೆಯನ್ನೇ. ಜೊತೆಗೆ ಗುಂಡು ನಳಿಗೆಗೆ ಏರುವ ಇಳಿಜಾರನ್ನೂ ನುಣುಪು ಮಾಡುತ್ತಾರೆ, ತುದಿ ಟೊಳ್ಳಾದ ಗುಂಡುಗಳು ಸಿಕ್ಕಿಹಾಕಿಕೊಳ್ಳದಿರಲಿ ಎಂದು. ಸೇನೆಗೆ ಇದರ ಅಗತ್ಯವೇ ಕಡಿಮೆ. ದೇಹದಲ್ಲಿ ಅರಳುವ ಗುಂಡುಗಳನ್ನು 1899ರ ಹೇಗ್ ಘೋಷಣೆ ಯುದ್ಧದಿಂದ ಹೊರಗಿಟ್ಟಿದೆ. ಸೈನಿಕನ ಗುಂಡಿನ ತುದಿ ದುಂಡು, ಮೈಪೂರ್ತಿ ಲೋಹದ ಹೊದಿಕೆ. ಆ ಗುಂಡಿಗೆಂದೇ ಹೈ-ಪವರ್ ಹುಟ್ಟಿದ್ದು.

ಅರೆ-ಕಸ್ಟಮ್ ಪಿಸ್ತೂಲು ಯುದ್ಧದಲ್ಲಿ ಗೆದ್ದ ಉದಾಹರಣೆ ಇಲ್ಲವೆಂದಲ್ಲ. ಒಂದಿದೆ, ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಅಮೆರಿಕದ ಸೇನೆ 1911ರ ಮಾರ್ಚಿನಲ್ಲಿ ಕೋಲ್ಟ್ ಮತ್ತು ಸ್ಯಾವೇಜ್ ಪಿಸ್ತೂಲುಗಳಿಗೆ 6000 ಗುಂಡುಗಳ ಪರೀಕ್ಷೆ ಒಡ್ಡಿತು. ಕಾದಾಗ ನೀರಲ್ಲಿ ಅದ್ದಿ ಮತ್ತೆ ಹಾರಿಸಿದರು. ಸ್ಯಾವೇಜ್ 37 ಸಲ ತಪ್ಪಿತು, ಬ್ರೌನಿಂಗನ ಕೋಲ್ಟ್ ಒಮ್ಮೆಯೂ ತಪ್ಪಲಿಲ್ಲ. ಆ ಕೋಲ್ಟಿನ ಒಡಲುಗಳನ್ನು ಸೇನೆಗೆ ಕೊನೆಯದಾಗಿ ಮಾಡಿದ್ದು 1945ರಲ್ಲಿ. ನಾಲ್ಕು ದಶಕದ ಬಳಿಕ ಮರೀನ್ ಪಡೆ ಗೋದಾಮಿನಲ್ಲಿದ್ದ ಒಡಲುಗಳನ್ನು ಆರಿಸಿ ತೆಗೆದು, ಕ್ವಾಂಟಿಕೋ ನೆಲೆಯ ತನ್ನದೇ ಆಯುಧ ದುರಸ್ತಿಗಾರರಾದ ಆರ್ಮರರ್‌ಗಳಿಂದ ಹೊಸ ನಳಿಗೆ, ಹೊಸ ಟ್ರಿಗರು, ದೊಡ್ಡ ಗುರಿಕಣ್ಣು ಕೂಡಿಸಿ ತನ್ನ ವಿಶೇಷ ತುಕಡಿಗಳಿಗೆ ಕೊಟ್ಟಿತು. ಅವು ಬಹಳ ವರ್ಷ ಚೆನ್ನಾಗಿ ದುಡಿದವು. ಮಾಡಿದವನು, ಹಾರಿಸುವವನು, ದುರಸ್ತಿ ಮಾಡುವವನು ಮೂವರೂ ಒಂದೇ ಮನೆಯವರಾಗಿದ್ದರು, ತುಕಡಿಯೂ ಚಿಕ್ಕದಿತ್ತು. ಬೇಡಿಕೆ ಹೆಚ್ಚಿದಾಗ ಆ ಬೆರಳೆಣಿಕೆಯ ಕೈಗಳಿಗೆ ನಿಭಾಯಿಸಲಾಗಲಿಲ್ಲ. 2012ರಲ್ಲಿ ಕೋಲ್ಟ್ ಕಂಪನಿಯಿಂದಲೇ ಸಿದ್ಧ ಪಿಸ್ತೂಲುಗಳನ್ನು ತರಿಸಿದರು. ಅವೂ ಕೆಲವೇ ವರ್ಷಗಳಲ್ಲಿ ಪ್ಲಾಸ್ಟಿಕ್ ಒಡಲಿನ, ಕಾರ್ಖಾನೆಯಿಂದ ಸಾವಿರಗಟ್ಟಲೆ ಬರುವ 9 ಎಂಎಂಗೆ ಜಾಗ ಬಿಟ್ಟವು. ಬ್ರಿಟನ್ ಕೂಡ 2013ರಲ್ಲಿ ಹೈ-ಪವರಿಗೆ ವಿದಾಯ ಹೇಳಿ ಗ್ಲಾಕ್ 17 ತೆಗೆದುಕೊಂಡಿತು. ನಮ್ಮ ಎನ್‌ಎಸ್‌ಜಿ ಕಮಾಂಡೊಗಳ ಸೊಂಟದಲ್ಲೂ ಅದೇ ಇದೆ. ಅದರ ಭಾಗಗಳು ಮೂವತ್ತನಾಲ್ಕರ ಆಸುಪಾಸು. ಯಾವುದಕ್ಕೂ ಅರ ಹಿಡಿಯಬೇಕಿಲ್ಲ, ಮುರಿದದ್ದನ್ನು ತೆಗೆದು ಹೊಸದು ಹಾಕಿದರಾಯಿತು.

ಆಯ್ಕೆಯ ಚರ್ಚೆಯಲ್ಲಿ ಎಲ್ಲರೂ ಮರೆಯುವ ವಸ್ತು ಮ್ಯಾಗಜೀನು. ಪಿಸ್ತೂಲು ಸಿಕ್ಕಿಹಾಕಿಕೊಂಡಾಗ ಮೊದಲು ಅನುಮಾನಿಸಬೇಕಾದದ್ದು ಅದನ್ನೇ. ತಗಡಿನ ತುಟಿ ಕೂದಲೆಳೆಯಷ್ಟು ಬಾಗಿದರೂ ಗುಂಡು ಓರೆಯಾಗಿ ಏರುತ್ತದೆ. ಸ್ಪ್ರಿಂಗು ದಣಿದರೆ ಗುಂಡು ತಡವಾಗಿ ಏರುತ್ತದೆ, ಅಷ್ಟರಲ್ಲಿ ಸ್ಲೈಡು ಮುಂದೆ ಬಂದಾಗಿರುತ್ತದೆ. ಕುಶಲಿಗನ ಕೈಯಲ್ಲಿ ಲಕ್ಷಗಟ್ಟಲೆ ಬೆಲೆ ಪಡೆದ ಪಿಸ್ತೂಲು ಕಳಪೆ ಮ್ಯಾಗಜೀನಿನೊಂದಿಗೆ ಸೋಲುತ್ತದೆ. ಹತ್ತು ಕೈ ದಾಟಿ ಬಣ್ಣ ಹೋದ 1ಎ ಒಳ್ಳೆಯ ಮ್ಯಾಗಜೀನಿನೊಂದಿಗೆ ಗೆಲ್ಲುತ್ತದೆ. ನನ್ನನ್ನು ಕೇಳಿದರೆ ಟ್ರಿಗರಿನ ನುಣುಪಿಗೆ ಸುರಿಯುವ ಹಣ ಮ್ಯಾಗಜೀನಿಗೆ, ಸ್ಪ್ರಿಂಗಿಗೆ, ಅಭ್ಯಾಸದ ಗುಂಡಿಗೆ ಹೋಗಬೇಕು.

ಈ ಕಣ್ಣಿನಿಂದಲೇ 'ಅಸ್ಮಿ'ಯನ್ನೂ ನೋಡಬೇಕಾಗಿದೆ. ಮಹೂದ ಇನ್‌ಫೆಂಟ್ರಿ ಶಾಲೆ ಮತ್ತು ಪುಣೆಯ ಆಯುಧ ಸಂಶೋಧನಾ ಸಂಸ್ಥೆ ಎಆರ್‌ಡಿಇ ಸೇರಿ ನಾಲ್ಕು ತಿಂಗಳಲ್ಲಿ ರೂಪಿಸಿ 2021ರ ಜನವರಿಯಲ್ಲಿ ಪ್ರಕಟಿಸಿದ ಸ್ವದೇಶಿ 9 ಎಂಎಂ ಮಷಿನ್ ಪಿಸ್ತೂಲು ಇದು. ಲೆಫ್ಟಿನೆಂಟ್ ಕರ್ನಲ್ ಪ್ರಸಾದ್ ಬನ್ಸೋಡ್ ಅವರ ವಿನ್ಯಾಸ. ಮೇಲೊಡಲು ಅಲ್ಯೂಮಿನಿಯಂ, ಕೆಳಗಿನದು ಕಾರ್ಬನ್ ಫೈಬರ್, ಟ್ರಿಗರಿನಂಥ ಭಾಗಗಳು ತ್ರೀಡಿ ಮುದ್ರಣದವು. 2024ರಲ್ಲಿ ಸೇನೆಯ ಉತ್ತರ ಕಮಾಂಡಿಗಾಗಿ 550 ಅಸ್ಮಿಗಳನ್ನು ತಯಾರಿಸುವ ಕೆಲಸ ಹೈದರಾಬಾದಿನ ಲೋಕೇಶ್ ಮಷಿನ್ಸ್‌ಗೆ ಬಂತು. ಬೀದರದವರು ದಿನಗೂಲಿಗೂ ದವಾಖಾನೆಗೂ ಬಸ್ಸು ಹತ್ತಿ ಹೋಗುವ ಹೈದರಾಬಾದಿನಲ್ಲೇ ಇದು ತಯಾರಾಗುವುದು ನನಗೆ ಹೆಮ್ಮೆಯ ವಿಷಯ. ಆದರೆ ನಾಲ್ಕು ತಿಂಗಳಲ್ಲಿ ಹುಟ್ಟುವುದು ವಿನ್ಯಾಸ, ಭರವಸೆಯಲ್ಲ. ಉತ್ತರದ ಹಿಮದಲ್ಲಿ ಎಣ್ಣೆ ಹೆಪ್ಪುಗಟ್ಟಿದ ಬೆಳಗಿನಲ್ಲಿ ಮೊದಲ ಗುಂಡು ಹಾರಿತೇ, ಮುದ್ರಿತ ಟ್ರಿಗರು ಎಷ್ಟು ಸಾವಿರ ಗುಂಡು ತಾಳಿತು, ಒಂದು ಅಸ್ಮಿಯ ಸ್ಪ್ರಿಂಗು ಪಕ್ಕದವನ ಅಸ್ಮಿಯಲ್ಲಿ ಅರ ಮುಟ್ಟಿಸದೆ ಕೂತಿತೇ: ಈ ಮೂರನ್ನು ಪಲ್ಟನ್ನಿನ ಆರ್ಮರರ್ ದಿನವಹಿಯಲ್ಲಿ ಬರೆದಿಟ್ಟು, ಆ ಬರಹ ಪುಣೆಯ ವಿನ್ಯಾಸಕಾರರ ಮೇಜಿಗೂ ಹೈದರಾಬಾದಿನ ಕಾರ್ಖಾನೆಗೂ ಮರಳಿ ಬರಬೇಕು. ಮುಂದಿನ ಆರ್ಡರು ಎಷ್ಟರದು ಎಂಬುದನ್ನು ಆಮೇಲೆ ನಿರ್ಧರಿಸಲಿ.