ಅವಹಿತ್ಥವೂ ಕೋಲರಿಜನ ಮುನ್ನುಡಿಯೂ

ಮನೋವಿಕಾರವು ಮೊಗದಲ್ಲಿ ತೋರದಂತೆ ಮರೆಸಿಕೊಳ್ಳುವುದನ್ನು ನಮ್ಮ ಆಲಂಕಾರಿಕರು ಅವಹಿತ್ಥವೆಂದು ಕರೆದು, ೩೩ ವ್ಯಭಿಚಾರಿಭಾವಗಳಲ್ಲಿ ಎಣಿಸಿರುವರು. ಲಜ್ಜೆ, ಭಯ ಮೊದಲಾದುವು ಅದಕ್ಕೆ ಕಾರಣಗಳೆಂದೂ, ಬೇರೊಂದನ್ನು ಹೇಳುವುದು, ಮಾತನ್ನು ನಡುವೆ ಮುರಿಯುವುದು, ಕೃತಕಧೈರ್ಯ ಇವು ಅದರ ಕುರುಹುಗಳೆಂದೂ ಭರತನ ನಾಟ್ಯಶಾಸ್ತ್ರದಲ್ಲಿದೆ. ಈ ಲಕ್ಷಣಕ್ಕೆ ಆಂಗ್ಲಕವಿ ಕೋಲರಿಜನು ತನ್ನ ‘ಕುಬ್ಲಾ ಖಾನ್’ ಕವಿತೆಗೆ ಬರೆದ ಮುನ್ನುಡಿಯು ಒಪ್ಪುವ ಲಕ್ಷ್ಯವಾಗಿದೆ.

೧೮೧೬ರಲ್ಲಿ ಅಚ್ಚಾದ ಆ ಮುನ್ನುಡಿಯಲ್ಲಿ ಕವಿಯು, ಅಲ್ಪ ಅಸ್ವಾಸ್ಥ್ಯದ ನಿಮಿತ್ತ ನೋವಿನ ಮದ್ದೊಂದನ್ನು ಸೇವಿಸಿ ನಿದ್ದೆಹೋದೆನೆಂದೂ, ಕನಸಿನಲ್ಲಿ ಮೂಡಿದ ಕವಿತೆಯನ್ನು ಎದ್ದು ಬರೆಯುತ್ತಿರಲು ಪೋರ್ಲಾಕ್ ಎಂಬ ಊರಿನಿಂದ ಯಾರೋ ಬಂದು ಕೆಡಿಸಿದರೆಂದೂ ಹೇಳುತ್ತಾನೆ. ೧೯೩೪ರಲ್ಲಿ ಬೆಳಕಿಗೆ ಬಂದ ಅವನ ಕೈಬರಹದ ಪ್ರತಿಯಲ್ಲಾದರೋ, ಎರಡು ಗ್ರೇನ್ ಅಫೀಮು ಎಂದು ಸ್ಪಷ್ಟವಾಗಿದೆ. ಬಂದವನ ಸುದ್ದಿಯೇ ಇಲ್ಲ. ಅಫೀಮು ಅಚ್ಚಿನಲ್ಲಿ ಬರಿಯ ಮದ್ದಾದುದು ಅನ್ಯಥಾಕಥನ. ಆಗಂತುಕನು ನಿಜವಾಗಿ ಬಂದಿರಲಿ ಬಿಡಲಿ, ಮುನ್ನುಡಿಯಲ್ಲಿ ಅವನಿಂದಾಗುವುದು ಕಥಾಭಂಗ. ವಾಚಕನ ದೃಷ್ಟಿಯು ಮದ್ದನ್ನು ಬಿಟ್ಟು ಬಾಗಿಲ ಕಡೆಗೆ ತಿರುಗುತ್ತದೆ.

ಇಷ್ಟು ಮರೆಸಲು ಕಾರಣವೇನು? ರಾಜದಂಡದ ಭಯವಲ್ಲ. ಇಂಗ್ಲೆಂಡಿನಲ್ಲಿ ಅಫೀಮಿನ ಮಾರಾಟಕ್ಕೆ ಕಾನೂನಿನ ಕಟ್ಟು ಬಂದುದು ೧೮೬೮ರಲ್ಲಿ. ಅದುವರೆಗೆ ಅದು ಸಾಮಾನ್ಯ ಅಂಗಡಿಗಳಲ್ಲಿಯೂ ದೊರೆಯುತ್ತಿತ್ತು. ಉಳಿದುದು ಲಜ್ಜೆ. ಅದೇ ೧೮೧೬ರಲ್ಲಿ ಕವಿಯು ಈ ಚಟದಿಂದ ಪಾರಾಗಲೆಂದು ಹೈಗೇಟಿನ ಗಿಲ್ಮನ್ ಎಂಬ ವೈದ್ಯನ ಆಶ್ರಯವನ್ನು ಸೇರಿ, ೧೮೩೪ರಲ್ಲಿ ತೀರಿಕೊಳ್ಳುವವರೆಗೆ ಅವನ ಮನೆಯವರೊಡನೆಯೇ ಇದ್ದನು. ಆದರೂ ಊರಿನ ಔಷಧದಂಗಡಿಯಿಂದ ಗುಟ್ಟಾಗಿ ತರಿಸಿಕೊಳ್ಳುವುದು ತಪ್ಪಲಿಲ್ಲ. ಕಾಪಾಡುವವನಿಗೇ ತಿಳಿಯದಂತೆ ಬಾಳಬೇಕಾದವನ ಅಂಜಿಕೆ ಎಂತಹುದೆಂಬುದನ್ನು ಸಹೃದಯರು ಊಹಿಸಬಹುದು.

ಹಾಗೆಂದು ಕವಿಯನ್ನು ಸುಳ್ಳುಗಾರನೆಂದು ತಳ್ಳಿಬಿಡುವುದು ವಿಮರ್ಶೆಯಲ್ಲ. ಆ ಮುನ್ನುಡಿಯ ಕೊನೆಯಲ್ಲಿಯೇ ಸೂಚಿಸಿ, ಅದೇ ಪುಸ್ತಕದಲ್ಲಿ ಅವನು ‘ನಿದ್ರೆಯ ಯಾತನೆಗಳು’ ಎಂಬರ್ಥದ ಹೆಸರುಳ್ಳ ಇನ್ನೊಂದು ಕವಿತೆಯನ್ನು ಸೇರಿಸಿರುವನು. ಅದು ೧೮೦೩ರಲ್ಲಿ ಬರೆದುದು. ಅಲ್ಲಿ ದುಃಸ್ವಪ್ನವುಂಟು, ನಾಚಿಕೆಯುಂಟು, ತಾನು ಮಾಡಿದುದೋ ತನಗಾದುದೋ ತಿಳಿಯದ ಪಾಪಭೀತಿಯುಂಟು. ಅಫೀಮಿನ ಹೆಸರು ಅಲ್ಲಿಯೂ ಇಲ್ಲ. ಆದರೆ ವಾಚ್ಯದಲ್ಲಿ ಅಡಗಿಸಿದುದು ವ್ಯಂಗ್ಯವಾಗಿ ಹೊರಬಿದ್ದಿದೆ.

‘ಕುಬ್ಲಾ ಖಾನ್’ ಒಂದನ್ನೇ ಓದಿ, ಅಫೀಮು ಕಾವ್ಯದ ತಾಯಿ ಎನ್ನುವವರುಂಟು. ಒಂದು ಕನಸಿಗೆ ಎಷ್ಟು ರಾತ್ರಿಗಳನ್ನು ತೆತ್ತನೆಂಬುದು ಎರಡನೆಯ ಕವಿತೆಯಲ್ಲಿದೆ. ಕವಿಯೇ ಜೊತೆಗಿಟ್ಟ ಇವೆರಡನ್ನು ಬೇರ್ಪಡಿಸದೆ ಓದುವುದು ನ್ಯಾಯ.